ಗೋದಲಿ ಅಂದ್ರೆ ಏನು ಟೀಚರ್?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಹಾಸನದ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ 31 ವರ್ಷದಿಂದ ಚಿಕ್ಕ ಮಕ್ಕಳ ಕ್ಲಾಸು ನನ್ನದೇ. ವಾರದ ದಿನಗಳಲ್ಲಿ ನರ್ಸರಿ ಟೀಚರ್ ಆಗಿದ್ದೆ, ಈಗ ನಿವೃತ್ತಿ ಆಗಿದೆ. ಭಾನುವಾರದ ಕ್ಲಾಸು ಈಗಲೂ ನಡೆಸುತ್ತೇನೆ. ಕ್ರಿಸ್ಮಸ್ ಹತ್ತಿರ ಬಂತು ಅಂದರೆ ನನಗೆ ಬರುವ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಮೇಲೆ. ಯೇಸುಸ್ವಾಮಿ ಹುಟ್ಟಿದ ಕಥೆಯನ್ನು ಪುಟ್ಟ ಮಕ್ಕಳಿಗೆ ಹೇಗೆ ಹೇಳೋದು? ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಟೀಚರ್, ನನಗೆ 22 ವರ್ಷ. ಈ ವರ್ಷ ಮೊದಲ ಸಲ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದೇನೆ. ಮೂರರಿಂದ ಆರು ವರ್ಷದ 14 ಮಕ್ಕಳನ್ನು ಕೊಟ್ಟಿದ್ದಾರೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಕ್ರಿಸ್ತ ಜನನದ ಪಾಠ ಮುಗಿಸಬೇಕು. ಸತ್ಯವೇದದ (ಬೈಬಲಿನ) ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದಲು ಶುರು ಮಾಡಿದರೆ ಐದು ನಿಮಿಷಕ್ಕೆ ಒಬ್ಬ ಬೆಂಚಿನ ಕೆಳಗೆ, ಇನ್ನೊಬ್ಬಳು ಕಿಟಕಿ ಹತ್ತಿರ. ಖಾನೇಷುಮಾರಿ, ಛತ್ರ, ಗೋದಲಿ ಅನ್ನೋ ಪದಗಳನ್ನು ಬಿಡಿಸಿ ಹೇಳೋಕೆ ನನಗೇ ಬರಲ್ಲ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಹೊಸ ಟೀಚರ್, ಅರಸೀಕೆರೆ

ಉತ್ತರ: ನಿನ್ನನ್ನು ನೀನು ಅಂತಲೇ ಕರೆಯುತ್ತೇನಮ್ಮ. ನನ್ನ ಕಿರಿ ಮಗಳಿಗಿಂತ ಚಿಕ್ಕವಳು ನೀನು. ಮಕ್ಕಳು ಬೆಂಚಿನ ಕೆಳಗೆ ಹೋದರು ಅಂತ ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ವರ್ಷದ ಮಗು ಕಿವಿಯಲ್ಲಿ ಕೇಳೋದು ಸ್ವಲ್ಪ, ಕೈಯಲ್ಲಿ ಕೇಳೋದು ಜಾಸ್ತಿ. ಅದರ ಕೈಗೆ ಏನಾದರೂ ಕೊಡು.

ಶುರು ಮಾಡೋದಾದರೆ ಗೋದಲಿಯಿಂದ ಮಾಡು. ಯಾಕೆ ಅಂತ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಡಿಸೆಂಬರ್. ಫ್ಲಾನೆಲ್ ಬೋರ್ಡಿಗೆ ಚಿತ್ರಗಳನ್ನು ಅಂಟಿಸುತ್ತಾ, ದೇವದೂತನಿಂದ ಹಿಡಿದು ನಕ್ಷತ್ರ ನೋಡಿ ಪಾಪುವನ್ನು ಹುಡುಕಿ ಬಂದ ಜೋಯಿಸರ ತನಕ ಇಡೀ ಕಥೆ ಹೇಳಿದೆ. ಮಕ್ಕಳು ಸದ್ದಿಲ್ಲದೆ ಕೂತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಸಾಲಿನ ನಾಲ್ಕು ವರ್ಷದ ಹುಡುಗಿ ನನ್ನ ಸೆರಗು ಎಳೆದು ಕೇಳಿದಳು, "ಗೋದಲಿ ಅಂದ್ರೆ ಏನು ಟೀಚರ್?" ದನ ಹುಲ್ಲು ತಿನ್ನೋ ಜಾಗ ಅಂದೆ. "ತಟ್ಟೆನಾ?" ಅಂದಳು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳೆದ ಮಗು. ಪ್ಯಾಕೆಟ್ ಹಾಲು ಗೊತ್ತು, ಕೊಟ್ಟಿಗೆ ನೋಡಿಲ್ಲ. ನಾನು ಅರ್ಧ ಗಂಟೆ ಹೇಳಿದ ಕಥೆಯಲ್ಲಿ ಪಾಪು ಎಲ್ಲಿ ಮಲಗಿತ್ತು ಅನ್ನೋದೇ ಅವಳ ಕಣ್ಣಿಗೆ ಬಂದಿರಲಿಲ್ಲ.

ಮುಂದಿನ ಭಾನುವಾರ ಅಪ್ಪ ಅಮ್ಮಂದಿರನ್ನು ಕೇಳಿ, ಎಂಟು ಮಕ್ಕಳನ್ನು ದೇವಾಲಯದ ಹಿಂದಿನ ಬೀದಿಯಲ್ಲಿದ್ದ ಹಾಲಿನವರ ಮನೆಗೆ ಕರೆದುಕೊಂಡು ಹೋದೆ. ಮೂರು ಹಸು, ಒಂದು ಕರು. ನಮ್ಮ ಕಡೆ ಗೋದಲಿಗೆ ಗೊಂತು ಅಂತಾರೆ. ಅವರದು ಹಳೇ ಮರದ ಗೊಂತು. ದನಗಳು ಕತ್ತು ಉಜ್ಜಿ ಉಜ್ಜಿ ಅದರ ಅಂಚು ಒರಳಿನ ಬಾಯಿಯ ಹಾಗೆ ನುಣ್ಣಗಾಗಿತ್ತು. ಒಳಗೆ ರಾಗಿ ಹುಲ್ಲು, ಅದರ ಮೇಲೆ ಹಸುವಿನ ಜೊಲ್ಲು. ಗಂಜಲದ ವಾಸನೆಗೆ ಇಬ್ಬರು ಮೂಗು ಮುಚ್ಚಿಕೊಂಡರು. ಆ ಹುಡುಗಿ ಗೊಂತಿನೊಳಗೆ ಅಂಗೈ ಇಟ್ಟಳು. "ಒದ್ದೆ ಇದೆ" ಅಂದಳು. ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಹುಲ್ಲಿನಲ್ಲಿದ್ದ ದಪ್ಪ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಕೆಳಗೆ ಹಾಕತೊಡಗಿದಳು. ಏನು ಮಾಡ್ತಿದ್ದೀಯಮ್ಮ ಅಂದೆ. "ಚುಚ್ಚುತ್ತೆ" ಅಂದಳು. ಆ ಮನೆಯ ಅಜ್ಜಿ ಕ್ರೈಸ್ತರಲ್ಲ. ಏನೂ ಕೇಳಲಿಲ್ಲ, ಒಳಗೆ ಹೋಗಿ ಒಂದು ಹಿಡಿ ಮೆತ್ತನೆಯ ಹುಲ್ಲು ತಂದು ಅವಳ ಕೈಗೆ ಕೊಟ್ಟರು.

ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ. ಅವತ್ತಿನಿಂದ ಪ್ರತಿ ವರ್ಷ ಮೊದಲ ಭಾನುವಾರ ಮಕ್ಕಳು ಗೊಂತು ಮುಟ್ಟಿ ಬರುತ್ತಾರೆ. ಅರಸೀಕೆರೆಯಲ್ಲಿ ನಿನಗೆ ಒಂದು ಕೊಟ್ಟಿಗೆ ಸಿಗದೇ ಇರಲ್ಲ.

ಇನ್ನು ಛತ್ರ. ಈ ಪದದ ಬಗ್ಗೆ ಹುಷಾರಾಗಿರು. ಇವತ್ತಿನ ಮಕ್ಕಳಿಗೆ ಛತ್ರ ಅಂದರೆ ಮದುವೆ ಮನೆ. "ಛತ್ರದಲ್ಲಿ ಜಾಗ ಇರಲಿಲ್ಲ" ಅಂತ ನಾನು ಹೇಳಿದಾಗ ಒಬ್ಬ ಹುಡುಗ, "ಯಾರ ಮದುವೆ ಇತ್ತು? ಊಟನೂ ಹಾಕಲಿಲ್ವಾ?" ಅಂತ ಕೇಳಿದ್ದ. ಅವನು ಸರಿಯಾಗೇ ಕೇಳಿದ, ತಪ್ಪು ನನ್ನ ಕಡೆಯದು. ಲೂಕನು ಅಲ್ಲಿ ಬಳಸಿದ ಗ್ರೀಕ್ ಪದ ಕತಾಲೂಮ. ಯೇಸುಸ್ವಾಮಿ ಕಡೆಯ ಊಟ ಮಾಡಿದ ಕೋಣೆಗೂ ಲೂಕ ಅದೇ ಪದ ಬರೆಯುತ್ತಾನೆ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಬರುವ ಛತ್ರಕ್ಕೆ ಬೇರೆ ಪದ. ಹಾಗಾಗಿ ಇದು ಒಬ್ಬರ ಮನೆಯ ಅತಿಥಿ ಕೋಣೆ ಇರಬಹುದು ಅಂತ ತುಂಬಾ ಪಂಡಿತರು ಹೇಳುತ್ತಾರೆ. ಆ ಕಾಲದ ಬೇತ್ಲೆಹೇಮಿನ ಕಡೆ ಮನೆಗಳಲ್ಲಿ ಜನ ಮಲಗುವ ಜಾಗ ಸ್ವಲ್ಪ ಎತ್ತರ, ದನ ಕಟ್ಟುವ ಜಾಗ ಕೆಳಗೆ, ಎಲ್ಲಾ ಒಂದೇ ಸೂರಿನಡಿ. ನಮ್ಮ ಬಯಲುಸೀಮೆಯ ಹಳೇ ಮನೆಗಳೂ ಹಾಗೇ ಇದ್ದವಲ್ಲ. ನನ್ನ ಅಜ್ಜಿ ಮನೆಯಲ್ಲಿ ಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಎರಡು ಮೆಟ್ಟಿಲು ಹತ್ತಿದರೆ ನಾವು. ರಾತ್ರಿ ಎತ್ತು ಮೆಲುಕು ಹಾಕೋದು ಹಾಸಿಗೆಗೆ ಕೇಳಿಸುತ್ತಿತ್ತು. ಅದಕ್ಕೆ ನಾನು ಮಕ್ಕಳಿಗೆ ಇಷ್ಟೇ ಹೇಳುತ್ತೇನೆ: "ಊರು ತುಂಬಾ ನೆಂಟರು. ಮಲಗೋ ಕೋಣೆಯಲ್ಲಿ ಜಾಗ ಇಲ್ಲ. ಅದಕ್ಕೆ ದನ ಕಟ್ಟೋ ಕಡೆ ಇದ್ದರು. ತೊಟ್ಟಿಲು ಇರಲಿಲ್ಲ. ಅಮ್ಮ ಪಾಪುವನ್ನು ಗೊಂತಿನಲ್ಲಿ ಮಲಗಿಸಿದಳು." ಮಕ್ಕಳಿಗೆ ಅರ್ಥ ಆಗುತ್ತೆ. ನೆಂಟರು ಬಂದಾಗ ಅವರೂ ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದವರೇ.

ಖಾನೇಷುಮಾರಿ ಬಿಟ್ಟುಬಿಡು. "ರಾಜ ಎಲ್ಲರ ಹೆಸರೂ ಬರೆಸಬೇಕು ಅಂದ" ಅಂದರೆ ಸಾಕು. ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರೂ ಅವರ ಕಣ್ಣೆದುರು ಬರಿ. ನಂತರ ಯೋಸೇಫ ಅಂತ ಬರಿ, ಮರಿಯ ಅಂತ ಬರಿ. ಅದಕ್ಕಿಂತ ಜಾಸ್ತಿ ರೋಮ್ ಸಾಮ್ರಾಜ್ಯ ಆ ವಯಸ್ಸಿಗೆ ಬೇಡ.

ಪ್ರಯಾಣವನ್ನು ಮಾತ್ರ ನಡೆಸಿಯೇ ಕಲಿಸು. ನಜರೇತಿನಿಂದ ಬೇತ್ಲೆಹೇಮಿಗೆ 100 ಕಿಲೋಮೀಟರಿಗಿಂತ ಜಾಸ್ತಿ ದಾರಿ. ನಾನು "ಹಾಸನದಿಂದ ಮೈಸೂರಿಗೆ ನಡೆದ ಹಾಗೆ" ಅನ್ನುತ್ತೇನೆ. ಬಸ್ಸಿನಲ್ಲಿ ಹೋಗಿಯೇ ಅವರಿಗೆ ಸುಸ್ತಾಗಿರುತ್ತೆ. ಒಂದು ಬಟ್ಟೆ ಗಂಟು ಮಾಡಿ ಸರದಿಯ ಮೇಲೆ ಹೊರಲು ಕೊಟ್ಟು, ದೇವಾಲಯದ ಕಾಂಪೌಂಡನ್ನು ಮೂರು ಸುತ್ತು ಹಾಕಿಸು. ಎರಡನೇ ಸುತ್ತಿಗೆ ಯಾರಾದರೂ "ಇನ್ನೂ ಎಷ್ಟು ದೂರ?" ಅಂತ ಕೇಳೇ ಕೇಳುತ್ತಾರೆ. ಆಗ ಹೇಳು, ಮರಿಯಮ್ಮನ ಹೊಟ್ಟೆಯಲ್ಲಿ ಪಾಪು ಇತ್ತು, ಆದರೂ ನಡೆದಳು ಅಂತ. ಕೂತಲ್ಲಿ ಹೇಳಿದರೆ ಆ ಮಾತು ಅವರಿಗೆ ತಾಕುವುದಿಲ್ಲ.

ನಡೆದು ಬಂದವರಿಗೆ ಒಂದು ಬಾಗಿಲು ಮಾಡಿಕೊಡು. ಬೇತ್ಲೆಹೇಮಿನಲ್ಲಿ ಯೇಸುಸ್ವಾಮಿ ಹುಟ್ಟಿದ ಜಾಗ ಅಂತ ನಂಬಿ ಕಟ್ಟಿದ ದೇವಾಲಯ ಇವತ್ತಿಗೂ ಇದೆ. 2012ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ದೊಡ್ಡ ದೇವಾಲಯಕ್ಕೆ ಬಾಗಿಲು ಸುಮಾರು ನಾಲ್ಕು ಅಡಿ ಎತ್ತರ ಅಷ್ಟೇ. ನಾನು ಕ್ಲಾಸಿನ ಬಾಗಿಲಿಗೆ ನಾಲ್ಕು ಅಡಿ ಎತ್ತರದಲ್ಲಿ ಒಂದು ದುಪಟ್ಟಾ ಕಟ್ಟುತ್ತೇನೆ. ಮಕ್ಕಳು ನೇರವಾಗಿ ನಡೆದು ಬರುತ್ತಾರೆ. ನಾನು ಬಗ್ಗಿ ಬರಬೇಕು. ನಮ್ಮ ಸಭಾಪಾಲಕರೂ ಒಂದು ಸಲ ಬಗ್ಗಿ ಬಂದರು. ಮಕ್ಕಳು ಅದನ್ನು ವರ್ಷವೆಲ್ಲಾ ನೆನೆಸಿಕೊಂಡರು.

ಮೂರನೇ ಭಾನುವಾರ ಹುಟ್ಟಿದ ರಾತ್ರಿ. ಇದಕ್ಕೆ ಸಮಯ ಕೊಡು, ಅವಸರ ಮಾಡಬೇಡ. ಕಿಟಕಿ ಮುಚ್ಚಿ ಒಂದೇ ದೀಪ ಹಚ್ಚು. ಒಂದು ಗೊಂಬೆ ಇರಲಿ, ಆದರೆ ಬಟ್ಟೆ ನಿಜವಾದದ್ದು ಇರಲಿ. ನನ್ನ ಹತ್ತಿರ ನಮ್ಮ ಮಾವನವರ ಹಳೇ ಪಂಚೆಯ ತುಂಡು ಇದೆ. ಒಗೆದು ಒಗೆದು ಮೆತ್ತಗಾಗಿರೋದು. ನನ್ನ ಇಬ್ಬರು ಮಕ್ಕಳನ್ನೂ ಅದರಲ್ಲೇ ಸುತ್ತಿದ್ದೆ. ಮೊದಲು ಒಂದು ಮೂಲೆ ಮಡಚಬೇಕು, ಕತ್ತು ಅಲ್ಲಿ ಬರಬೇಕು. ಎಡಗೈ ಪಕ್ಕಕ್ಕೆ ಇಟ್ಟು ಒಂದು ಸುತ್ತು, ಬಲಗೈ ಇಟ್ಟು ಇನ್ನೊಂದು ಸುತ್ತು, ಕಾಲಿನ ಕಡೆಯ ಬಟ್ಟೆ ಮೇಲಕ್ಕೆ. ಮಾತಾಡದೆ ನಿಧಾನಕ್ಕೆ ಸುತ್ತು. ಮನೆಯಲ್ಲಿ ತಮ್ಮ ತಂಗಿ ಇರುವ ಮಗು ತಾನಾಗೇ ಹೇಳುತ್ತೆ, "ನಮ್ಮ ಅಜ್ಜಿನೂ ಹಿಂಗೇ ಸುತ್ತೋದು" ಅಂತ. ಸುತ್ತಿ ಆದ ಮೇಲೆ ಒಬ್ಬೊಬ್ಬರ ಕೈಗೂ ಕೊಡು. "ತಲೆ ಹಿಡ್ಕೋ" ಅಂತ ಮಾತ್ರ ಹೇಳು. ಬೆಂಚಿನ ಕೆಳಗೆ ಹೋಗೋ ಹುಡುಗನ ಸರದಿ ಬಂದಾಗ ನೋಡು, ಉಸಿರು ಬಿಗಿ ಹಿಡಿದು ಕೂರುತ್ತಾನೆ.

ಆಗ ಒಂದು ಜೋಗುಳ ಹೇಳಿಕೊಡು. ಇಂಗ್ಲಿಷ್ ಹಾಡು ಮುಂದೆ ಕಲಿಯುತ್ತಾರೆ. ನಾನು ಹೇಳೋದು ನಾನೇ ಕಟ್ಟಿಕೊಂಡ ಎರಡು ಸಾಲು: "ಜೋ ಜೋ ಪಾಪು, ಹುಲ್ಲೇ ಹಾಸಿಗೆ, ಹಸುವಿನ ಉಸಿರೇ ಬೆಚ್ಚನೆ ಹೊದಿಕೆ." ನೀನೂ ಕಟ್ಟಬಹುದು. ಯೇಸುವಿನ ಕಥೆಯನ್ನು ನಮ್ಮ ಧಾಟಿಯಲ್ಲಿ ಹಾಡೋದು ಹೊಸದಲ್ಲ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಅವರು 1862ರಲ್ಲೇ ಕ್ರಿಸ್ತನ ಜೀವನವನ್ನು ಕನ್ನಡ ಪದ್ಯದಲ್ಲಿ ಬರೆದಿದ್ದರು.

ಕೊನೆಯ ಭಾನುವಾರ ಕುರುಬರು. ನಿಮ್ಮ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸುತ್ತಾರಲ್ಲ? ರಾತ್ರಿಯೆಲ್ಲಾ ಕಂಬಳಿ ಹೊದ್ದು, ನಾಯಿ ಇಟ್ಟುಕೊಂಡು ಕಾಯುತ್ತಾರೆ. ಲೂಕ ಹೇಳುವುದೂ ಅದೇ, ಹೊಲದಲ್ಲಿ ಇದ್ದು ರಾತ್ರಿ ಕುರಿ ಕಾಯುತ್ತಿದ್ದವರು. ಒಂದು ಕಂಬಳಿ ತಂದು ಎಲ್ಲರನ್ನೂ ಅದರ ಕೆಳಗೆ ಕೂರಿಸು. ಅದರ ವಾಸನೆ, ಚುಚ್ಚೋದು ಎಲ್ಲಾ ಗೊತ್ತಾಗಲಿ. ದೇವದೂತ ಮೊದಲು ಹೇಳಿದ ಮಾತು "ಹೆದರಬೇಡಿ." ಆ ಮಾತನ್ನು ಮೆಲ್ಲಗೆ ಹೇಳು. ಕಿರುಚಿ ಹೇಳಿದರೆ ಮಕ್ಕಳು ಹೆದರುತ್ತಾರೆ. ಜೋಯಿಸರನ್ನು ಜನವರಿಗೆ ಇಟ್ಟುಕೋ, ಅವರು ಬಂದದ್ದನ್ನು ನೆನೆಯುವ 6ನೇ ತಾರೀಕಿನ ಎಪಿಫನಿ ಹಬ್ಬದ ಹತ್ತಿರ. ನಾಲ್ಕು ವಾರಕ್ಕೆ ಎಲ್ಲವನ್ನೂ ತುರುಕಬೇಡ.

ಒಂದು ಮಾತು ಕೈಮುಗಿದು ಕೇಳುತ್ತೇನೆ. ಕಥೆಯ ಕೊನೆಗೆ "ಅದಕ್ಕೇ ನೀವೂ ಅಪ್ಪ ಅಮ್ಮನ ಮಾತು ಕೇಳಬೇಕು, ಹೋಂವರ್ಕ್ ಮಾಡಬೇಕು" ಅಂತ ಸೇರಿಸಬೇಡ. ದೇವರು ಪಾಪುವಾಗಿ ನಮ್ಮ ಹತ್ತಿರ ಬಂದ, ಹೊತ್ತುಕೊಳ್ಳಲು ಯಾರಾದರೂ ಬೇಕಾಗುವಷ್ಟು ಚಿಕ್ಕವನಾಗಿ ಬಂದ. ಕೈಯಲ್ಲಿ ಪಂಚೆಯ ಗಂಟು ಹಿಡಿದು ಕೂತ ಮಗುವಿಗೆ ಅದು ಆಗಲೇ ಗೊತ್ತಾಗಿರುತ್ತೆ. ಅದರ ಮೇಲೆ ಇನ್ನೊಂದು ಮಾತು ಹೇರಿದರೆ ಆ ಮಗು ಕೈಯಲ್ಲಿರೋದನ್ನು ಬಿಟ್ಟು ನಿನ್ನ ಮುಖ ನೋಡುತ್ತೆ.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ನಮ್ಮ ಚರ್ಚಿನ ಕ್ರಿಸ್ಮಸ್ ನಾಟಕದಲ್ಲಿ ಮರಿಯಳ ಪಾತ್ರ ಬೇಕು ಅಂತ ತುಂಬಾ ಆಸೆ ಪಟ್ಟಿದ್ದಳು. "ಬೆಳ್ಳಗಿರೋ ಹುಡುಗಿ ಆದ್ರೆ ಚೆನ್ನಾಗಿ ಕಾಣುತ್ತೆ" ಅಂತ ಬೇರೆ ಮಗುವನ್ನು ಆರಿಸಿ, ಇವಳಿಗೆ ಕುರಿ ಪಾತ್ರ ಕೊಟ್ಟರು. ಮಾತು ಅವಳ ಕಿವಿಗೆ ಬಿದ್ದಿದೆ. ಎರಡು ದಿನದಿಂದ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುತ್ತಿದ್ದಾಳೆ. ಏನು ಮಾಡಲಿ ಅಕ್ಕಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಂಕಟ ಆಯಿತು, ಸಿಟ್ಟೂ ಬಂತು. ಇದು ನಿಮ್ಮ ಚರ್ಚಿನಲ್ಲಿ ಮಾತ್ರ ಇಲ್ಲ. ಎಷ್ಟೋ ಕಡೆ ಮರಿಯಳು ಬೆಳ್ಳಗೆ, ದೇವದೂತರು ಬೆಳ್ಳಗೆ, ಕುರಿ ಕಾಯುವವರು ಮಾತ್ರ ಕಪ್ಪಗೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಆದರೆ ಮಗುವಿನ ಮನಸ್ಸಿಗೆ ಆಗುವ ಗಾಯ ಒಂದೇ.

ಮರಿಯಳು ಗಲಿಲಾಯದ ಸಣ್ಣ ಊರಿನ ಯೆಹೂದಿ ಹುಡುಗಿ. ಏಷ್ಯಾದ ಬಿಸಿಲಿನಲ್ಲಿ ನೀರು ಹೊತ್ತವಳು. ಅವಳ ಬಣ್ಣದ ಬಗ್ಗೆ ಸುವಾರ್ತೆಗಳಲ್ಲಿ ಒಂದು ಪದವೂ ಇಲ್ಲ. ದೇವದೂತ ಬಂದು ಮಾತಾಡಿಸಿದ್ದು ಅವಳ ರೂಪ ನೋಡಿ ಅಂತ ಎಲ್ಲೂ ಬರೆದಿಲ್ಲ. ಇದನ್ನು ಮಗಳಿಗೆ ಹೇಳಿ. ಹೇಳುವಾಗ ಅವಳ ಪೌಡರ್ ಕೈಯಿಂದ ಕಿತ್ತುಕೊಳ್ಳಬೇಡಿ, ತೊಡೆ ಮೇಲೆ ಕೂರಿಸಿಕೊಂಡು ಹೇಳಿ.

ಆಮೇಲೆ ನೀವು ಟೀಚರ್ ಹತ್ತಿರ ಹೋಗಿ. ಜಗಳಕ್ಕೆ ಬೇಡ. "ನನ್ನ ಮಗಳು ಈ ಮಾತು ಕೇಳಿಸಿಕೊಂಡಿದ್ದಾಳೆ" ಅಂತ ನೇರವಾಗಿ ಹೇಳಿ. ಅಷ್ಟು ಕೇಳಿದ ಮೇಲೆ ಸುಮ್ಮನಿರುವ ಟೀಚರ್ ಕಡಿಮೆ. ನಮ್ಮಲ್ಲಿ ಹದಿನೈದು ವರ್ಷದಿಂದ ಚೀಟಿ ಎತ್ತಿಸುತ್ತೇವೆ. ದೇವದೂತ ಬಂದ ದೃಶ್ಯಕ್ಕೆ ಒಬ್ಬ ಮರಿಯಳು, ಪ್ರಯಾಣಕ್ಕೆ ಒಬ್ಬಳು, ಗೋದಲಿಯ ಹತ್ತಿರ ಒಬ್ಬಳು. ಒಂದೇ ನೀಲಿ ಶಾಲು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತೆ. ನೋಡುವವರಿಗೆ ಯಾವ ಗೊಂದಲವೂ ಆಗಲಿಲ್ಲ. ಬಾಡಿಗೆ ಗೌನು, ರೆಕ್ಕೆ ಎಲ್ಲಾ ನಿಲ್ಲಿಸಿದ್ದೇವೆ. ಅಮ್ಮಂದಿರ ಹತ್ತಿ ಸೀರೆ, ಅಪ್ಪಂದಿರ ಟವೆಲ್ಲು ಸಾಕು. ಐದು ವರ್ಷದೊಳಗಿನವರಿಗೆ ಮಾತು ಬಾಯಿಪಾಠ ಮಾಡಿಸೋದೂ ಇಲ್ಲ. ದೊಡ್ಡ ಹುಡುಗಿಯೊಬ್ಬಳು ಸತ್ಯವೇದ ಓದುತ್ತಾಳೆ, ಇವರು ಓಡಾಡುತ್ತಾರೆ. ಮಾತು ಮರೆತು ಅಳುವ ಮಗು ಈಗ ನಮ್ಮ ನಾಟಕದಲ್ಲಿ ಇಲ್ಲ.

ಪ್ರಶ್ನೆ: ನಮ್ಮ ಐದೂವರೆ ವರ್ಷದ ಮಗ ಹೆರೋದ ರಾಜ ಮಕ್ಕಳನ್ನು ಕೊಲ್ಲಿಸಿದ ಕಥೆಯನ್ನು ದೊಡ್ಡ ಮಕ್ಕಳ ಕ್ಲಾಸಿನಲ್ಲಿ ಕೇಳಿ ಬಂದಿದ್ದಾನೆ. ಈಗ ರಾತ್ರಿ ಬಾಗಿಲು ಚಿಲಕ ಹಾಕಿದೆಯಾ ಅಂತ ಮೂರು ಮೂರು ಸಲ ನೋಡುತ್ತಾನೆ. ಅದು ಸುಳ್ಳು ಕಥೆ ಅಂದುಬಿಡಲೇ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಬೇಡಿ. ಇವತ್ತು ಇದು ಸುಳ್ಳು ಅಂದರೆ ನಾಳೆ ಗೋದಲಿಯೂ ಸುಳ್ಳಾ ಅಂತ ಕೇಳುತ್ತಾನೆ.

ನಾನು ಈ ವಯಸ್ಸಿನವರಿಗೆ ಆ ಭಾಗ ಪೂರ್ತಿ ಹೇಳುವುದಿಲ್ಲ. "ಹೆರೋದನಿಗೆ ಪಾಪುವನ್ನು ಕಂಡರೆ ಆಗುತ್ತಿರಲಿಲ್ಲ. ದೇವದೂತ ಕನಸಿನಲ್ಲಿ ಬಂದು ಏಳು ಅಂದ. ಯೋಸೇಫ ರಾತ್ರೋರಾತ್ರಿ ಎದ್ದು ಮರಿಯಳನ್ನೂ ಪಾಪುವನ್ನೂ ಕರೆದುಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋದ. ಆ ರಾಜ ಸತ್ತ ಮೇಲೆ ವಾಪಸ್ಸು ಬಂದರು." ಇಷ್ಟು ಸಾಕು. ಐಗುಪ್ತದ ಕಾಪ್ಟಿಕ್ ಕ್ರೈಸ್ತರು ಪುಟ್ಟ ಯೇಸು ತಮ್ಮ ದೇಶಕ್ಕೆ ಬಂದ ನೆನಪಿಗೆ ಇವತ್ತಿಗೂ ಜೂನ್ 1ರಂದು ಹಬ್ಬ ಮಾಡುತ್ತಾರೆ. ಅದನ್ನೂ ಹೇಳಿ. ಅಲ್ಲಿ ಯಾರೋ ಜಾಗ ಕೊಟ್ಟರು, ಯಾರೋ ಬಾಗಿಲು ತೆಗೆದರು ಅನ್ನೋದು ಆ ಮಗುವಿಗೆ ಬೇಕು. ಉಳಿದದ್ದು ಒಂಬತ್ತು ಹತ್ತು ವರ್ಷಕ್ಕೆ ಇರಲಿ.

ಆದರೆ ನಿಮ್ಮ ಮಗ ಆಗಲೇ ಕೇಳಿಬಿಟ್ಟಿದ್ದಾನೆ. ಹಾಗಾಗಿ ಅವನ ಪ್ರಶ್ನೆಯಿಂದ ಓಡಬೇಡಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ್ದ, "ದೇವದೂತ ಬೇರೆ ಪಾಪುಗಳ ಅಪ್ಪಂದಿರನ್ನ ಯಾಕೆ ಎಬ್ಬಿಸಲಿಲ್ಲ?" ಅಂತ. ನನಗೆ ಆಗ ಐವತ್ತು ದಾಟಿತ್ತು. ಅಷ್ಟು ವರ್ಷ ಆ ಅಧ್ಯಾಯ ಓದಿದ್ದೆ, ಆ ಪ್ರಶ್ನೆ ನನಗೆ ಬಂದಿರಲಿಲ್ಲ. "ನನಗೆ ಗೊತ್ತಿಲ್ಲ ಕಂದ, ನನಗೂ ಅಳು ಬರುತ್ತೆ" ಅಂದೆ. ಅವನು ನನ್ನ ಪಕ್ಕ ಬಂದು ಕೂತ. ಈ ಕಥೆಯನ್ನು ತನ್ನ ಸುವಾರ್ತೆಯಲ್ಲಿ ಬರೆದ ಮತ್ತಾಯನೂ ಅಲ್ಲಿ ಸಮಾಧಾನದ ಮಾತು ಹೇಳುವುದಿಲ್ಲ. ಯೆರೆಮೀಯ ಪ್ರವಾದಿಯ ಮಾತು ತಂದು, ತನ್ನ ಮಕ್ಕಳನ್ನು ಕಳೆದುಕೊಂಡದ್ದಕ್ಕೆ ತಾಯಿ ರಾಹೇಲಳು ಅಳುತ್ತಿದ್ದಾಳೆ, ಸಮಾಧಾನ ಬೇಡ ಅನ್ನುತ್ತಿದ್ದಾಳೆ ಅಂತ ಬರೆದು ಬಿಡುತ್ತಾನೆ. ಸತ್ಯವೇದವೇ ಅಳುವ ಕಡೆ ನಾವು ಮಗುವಿಗೆ "ಅಳಬೇಡ, ಏನೂ ಆಗಲ್ಲ" ಅನ್ನೋದು ಸರಿಯಲ್ಲ.

ಚಿಲಕದ ವಿಷಯ. ರಾತ್ರಿ ಅವನ ಜೊತೆ ನೀವೂ ಹೋಗಿ. ಅವನ ಕೈಯಿಂದಲೇ ಹಾಕಿಸಿ. "ಯೋಸೇಫ ಎದ್ದ ಹಾಗೆ ನಾನೂ ಎದ್ದೇ ಏಳುತ್ತೇನೆ" ಅಂತ ಹೇಳಿ. ಅಪ್ಪ ಎಚ್ಚರ ಇದ್ದಾರೆ ಅಂತ ಗೊತ್ತಾದರೆ ಮೂರು ಸಲ ನೋಡೋದು ಮೆಲ್ಲಗೆ ಒಂದು ಸಲಕ್ಕೆ ಬರುತ್ತೆ.

ಪ್ರಶ್ನೆ: "ಕನ್ನಿಕೆ ಅಂದ್ರೆ ಏನು?" ಅಂತ ನಾಲ್ಕು ವರ್ಷದ ಮೊಮ್ಮಗಳು ಎಲ್ಲರ ಮುಂದೆ ಕೇಳಿದಳು. ಏನು ಹೇಳಬೇಕಿತ್ತು?
– ಒಬ್ಬ ಅಜ್ಜಿ, ತುಮಕೂರು

ಉತ್ತರ: "ಇನ್ನೂ ಮದುವೆ ಆಗದ ಹುಡುಗಿ" ಅನ್ನಿ. ಮರಿಯಳಿಗೆ ಯೋಸೇಫನ ಜೊತೆ ಮದುವೆ ಗೊತ್ತಾಗಿತ್ತು, ಇನ್ನೂ ಆಗಿರಲಿಲ್ಲ, ದೇವರೇ ಅವಳಿಗೆ ಮಗು ಕೊಟ್ಟ. ಇದು ನಿಜವೂ ಹೌದು, ಆ ವಯಸ್ಸಿಗೆ ಸಾಕೂ ಹೌದು. ನಗಬೇಡಿ, ಗದರಬೇಡಿ. ಗದರಿದರೆ ಮುಂದೆ ಅವಳು ಕೇಳುವುದನ್ನೇ ಬಿಟ್ಟುಬಿಡುತ್ತಾಳೆ.

ಪ್ರಶ್ನೆ: ಕತ್ತೆ, ಒಂಟೆ, ಛತ್ರದ ಯಜಮಾನ, ಮೂವರು ರಾಜರು, ಇವು ಯಾವುವೂ ಸುವಾರ್ತೆಯ ಜನನದ ಕಥೆಯಲ್ಲಿ ಇಲ್ಲ. ಆದರೂ ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಾರೆ. ತೆಗೆದು ಹಾಕಬೇಕಲ್ವಾ?
– ಒಬ್ಬ ಹಿರಿಯ ಓದುಗರು, ಮೈಸೂರು

ಉತ್ತರ: ನೀವು ಹೇಳಿದ್ದು ಸರಿ ಸಾರ್. ಮತ್ತಾಯನು ಮೂಡಣ ದೇಶದ ಜೋಯಿಸರು ಅನ್ನುತ್ತಾನೆ, ಎಷ್ಟು ಜನ ಅಂತ ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು ಇದ್ದದ್ದರಿಂದ ಜನವೂ ಮೂವರಾದರು. ಅವರು ಬಂದದ್ದು ಮನೆಗೆ ಅಂತ ಇದೆ, ಕೊಟ್ಟಿಗೆಗೆ ಅಂತ ಇಲ್ಲ. ಎತ್ತು ಮತ್ತು ಕತ್ತೆ ಯೆಶಾಯನ ಮೊದಲ ಅಧ್ಯಾಯದಿಂದ ಬಂದವು. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ತನ್ನ ಒಡೆಯನ ಗೋದಲಿ ಗೊತ್ತು ಅಂತ ಅಲ್ಲಿದೆ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಅನ್ನೋ ಊರಿನಲ್ಲಿ ನಿಜವಾದ ಹುಲ್ಲು, ನಿಜವಾದ ಎತ್ತು ಕತ್ತೆ ತರಿಸಿ ಆ ರಾತ್ರಿಯನ್ನು ಜನರಿಗೆ ತೋರಿಸಿದರು. ಓದು ಬಾರದ ಹಳ್ಳಿಯವರಿಗೆ ಅದೇ ಪಾಠ ಆಯಿತು.

ಅದಕ್ಕೆ ಕ್ರಿಸ್ಮಸ್ಸಿಗೆ ಯೇಸು ಹುಟ್ಟಿದ ದೃಶ್ಯ ಜೋಡಿಸಿ ಗೋದಲಿ ಅಂತ ಇಡುತ್ತೇವಲ್ಲ, ಅಲ್ಲಿಂದ ನಾನು ಪ್ರಾಣಿಗಳನ್ನು ಓಡಿಸುವುದಿಲ್ಲ. ಆದರೆ ಕಥೆ ಹೇಳುವಾಗ ಎರಡು ಮಾತನ್ನು ಬೇರೆ ಬೇರೆ ಇಡುತ್ತೇನೆ. "ಸತ್ಯವೇದದಲ್ಲಿ ಹೀಗಿದೆ" ಅನ್ನೋವಾಗ ಪುಸ್ತಕದ ಮೇಲೆ ಕೈ ಇಡುತ್ತೇನೆ. "ಹೀಗಿದ್ದಿರಬಹುದು ಅಲ್ವಾ?" ಅನ್ನೋವಾಗ ಕೈ ತೆಗೆಯುತ್ತೇನೆ. ಆರು ವರ್ಷದ ಮಕ್ಕಳು ಇದನ್ನು ಎಷ್ಟು ಬೇಗ ಹಿಡಿಯುತ್ತಾರೆ ಅಂದರೆ, ನಾನು ಮರೆತಾಗ "ಟೀಚರ್, ಕೈ!" ಅಂತಾರೆ.

ಕಾಣಿಕೆಗಳನ್ನು ಮಾತ್ರ ಮೂಸಿ ನೋಡಲು ಕೊಡಿ ಅಂತ ನಿಮ್ಮ ಸಂಡೇ ಸ್ಕೂಲಿನವರಿಗೆ ಹೇಳಿ. ಗ್ರಂಧಿಗೆ ಅಂಗಡಿಯಲ್ಲಿ ರಕ್ತಬೋಳ ಸಿಗುತ್ತೆ. ಕೆಂಪು ಕಂದು ಬಣ್ಣದ ಅಂಟಿನ ಗಟ್ಟಿ. ನಾನು ಒಂದು ಚೂರು ಕಾಗದದ ಮೇಲೆ ಇಟ್ಟು ಸುತ್ತಲೂ ಕಳಿಸುತ್ತೇನೆ. ಧೂಪಕ್ಕೆ ಕೆಂಡದ ಮೇಲೆ ಸಾಂಬ್ರಾಣಿ. ಜೋಯಿಸರು ತಂದ ಮರದ ಅಂಟೇ ಅದಲ್ಲ, ಆದರೆ ಹೊಗೆ ಎದ್ದು ಕೋಣೆ ತುಂಬೋದು ಹೇಗೆ ಅಂತ ಮಕ್ಕಳಿಗೆ ತಿಳಿಯುತ್ತೆ. ಚಿನ್ನಕ್ಕೆ ನನ್ನ ಕಿವಿಯ ಓಲೆ.

ಪ್ರಶ್ನೆ: ಕ್ರಿಸ್ಮಸ್ ಯಾರ ಹುಟ್ಟಿದ ಹಬ್ಬ ಅಂದರೆ ನಮ್ಮ ಮಗು "ಕ್ರಿಸ್ಮಸ್ ತಾತಂದು" ಅನ್ನುತ್ತೆ. ತಾತನನ್ನು ಕರೆಸೋದು ನಿಲ್ಲಿಸಬೇಕಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ನಿಲ್ಲಿಸಬೇಕಿಲ್ಲ. ಸಂತ ನಿಕೋಲಸ್ ಅಂತ ಮೂರನೇ ನಾಲ್ಕನೇ ಶತಮಾನದಲ್ಲಿ ಮೈರಾ ಅನ್ನೋ ಊರಿನ ಬಿಷಪ್ ಇದ್ದರು, ಈಗ ಅದು ಟರ್ಕಿಯಲ್ಲಿದೆ. ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದರು ಅಂತ ಅವರ ಬಗ್ಗೆ ಕಥೆಗಳಿವೆ. ಅವರ ನೆನಪಿನ ದಿನ ಡಿಸೆಂಬರ್ 6. ತಾತನನ್ನು ಆ ವಾರವೇ ಕರೆಸಿ. ನಮ್ಮಲ್ಲಿ ತಾತ ಬಂದಾಗ ಮಿಠಾಯಿ ಕೊಡುವ ಮೊದಲು ತಾವೇ ಗೋದಲಿಯ ಮುಂದೆ ಮೊಣಕಾಲೂರುತ್ತಾರೆ. ಮಕ್ಕಳು ಮಾತಿಗಿಂತ ಅದನ್ನು ನೋಡುತ್ತಾರೆ.

ಪ್ರಶ್ನೆ: ಗೋದಲಿ ಮಾಡುವಾಗ ಹಸಿರಿಗೆ ಅಂತ ಮಕ್ಕಳ ಕೈಯಲ್ಲಿ ರಾಗಿ ಬಿತ್ತಿಸುತ್ತೇವೆ. ಹೋದ ವರ್ಷ ಪೈರು ಪೂರ್ತಿ ಹಳದಿಯಾಗಿ ಬಾಗಿಬಿಟ್ಟಿತು. ಮಕ್ಕಳಿಗೆ ಬೇಜಾರಾಯಿತು.
– ಸಂಡೇ ಸ್ಕೂಲ್ ಟೀಚರ್, ಮಂಡ್ಯ

ಉತ್ತರ: ಕತ್ತಲಲ್ಲಿ ಜಾಸ್ತಿ ದಿನ ಇಟ್ಟಿದ್ದೀರಿ. ರಾಗಿಯನ್ನು ಒಂದು ರಾತ್ರಿ ನೆನೆಸಿ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಮೇಲೆ ಒತ್ತಾಗಿ ಚೆಲ್ಲಿಸಿ. ಒದ್ದೆ ಗೋಣಿ ಚೀಲ ಮುಚ್ಚಿ. ಮೊಳಕೆ ಕಂಡ ದಿನವೇ ಚೀಲ ತೆಗೆದು ಬೆಳಗಿನ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಿ. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಡಿಸೆಂಬರ್ 12ರ ಸುಮಾರಿಗೆ ಬಿತ್ತಿದರೆ 24ರ ಸಂಜೆಗೆ ಮೂರು ಬೆರಳು ಎತ್ತರ ಬಂದಿರುತ್ತೆ. ಒಂದೇ ದೊಡ್ಡ ತಟ್ಟೆಯ ಬದಲು ಮಗುವಿಗೆ ಒಂದೊಂದು ತೆಂಗಿನ ಚಿಪ್ಪು ಕೊಡಿ, ಹೆಸರು ಬರೆದು. ಮನೆಗೆ ತಗೊಂಡು ಹೋಗಿ ತಾವೇ ನೀರು ಹಾಕಲಿ. 24ರಂದು ಎಲ್ಲಾ ಚಿಪ್ಪುಗಳನ್ನು ತಂದು ಗೋದಲಿಯ ಸುತ್ತ ಇಡಿಸಿ. ಯಾರದಾದರೂ ಒಣಗಿದ್ದರೆ ಅಂತ ನೀವು ಮನೆಯಲ್ಲಿ ನಾಲ್ಕು ಚಿಪ್ಪು ಜಾಸ್ತಿ ಬಿತ್ತಿಟ್ಟುಕೊಳ್ಳಿ.